ಕಂಕುಳಲ್ಲೊಂದು ಕೂಸು, ಹೊಟ್ಟೆಯಲ್ಲೊಂದು

(ಅಲ್ ಖೋರ್‌ನಲ್ಲಿ ಕನ್ನಡ ಕಾರ್ಮಿಕರು ಮತ್ತು ಅವರ ಕುಟುಂಬದವರ ಮುಂದೆ ಒಂದು ಶುಕ್ರವಾರ ಆಡಿದ ಮಾತುಗಳ ಬರಹರೂಪ)



ವಾರಕ್ಕೆ ಸಿಗೋದು ಒಂದೇ ರಜೆ. ಬಟ್ಟೆ ಒಗೆಯೋದು, ಬಾಕಿ ನಿದ್ದೆ ತೀರಿಸೋದು ಎಲ್ಲ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಆದ್ದರಿಂದ ಸುತ್ತಿ ಬಳಸಿ ಮಾತಾಡೋದಿಲ್ಲ.

ಸಂಬಳ, ವೀಸಾ, ಕಾಂಟ್ರ್ಯಾಕ್ಟ್ ಬಗ್ಗೆ ನಾವು ಆಗಾಗ ಮಾತಾಡಿದ್ದೇವೆ. ಇವತ್ತು ಮನೆಯ ಮಾತು. ಒಂದೂವರೆ ಎರಡು ವರ್ಷದ ಮಗು ಮನೆ ತುಂಬಾ ಓಡಾಡ್ತಾ ಇದೆ, ಇನ್ನೊಂದು ಹೊಟ್ಟೆಯಲ್ಲಿದೆ. ಈ ಎಂಟೊಂಬತ್ತು ತಿಂಗಳು ಹೇಗೆ ಸಾಗಿಸೋದು? ಊರಿನಲ್ಲಾದರೆ ಅಜ್ಜಿ, ಅತ್ತೆ, ನಾದಿನಿ, ಪಕ್ಕದ ಮನೆಯವರು ಇದ್ದಾರೆ. ಹೇಗೋ ನಡೆದುಹೋಗುತ್ತದೆ ಅಂತೇವೆ. ಪರದೇಶದಲ್ಲಿ 'ಹೇಗೋ' ಅಂದರೆ ಆಗೋದಿಲ್ಲ. ಮೊದಲೇ ಕೂತು ಯೋಚನೆ ಮಾಡಬೇಕು.

ನಿಮ್ಮಲ್ಲಿ ಎರಡು ತರಹದವರು ಇದ್ದೀರಿ. ಹೆಚ್ಚಿನವರು ಕ್ಯಾಂಪ್‌ನಲ್ಲಿ ಇರುವವರು. ಹೆಂಡತಿ, ಮಗು ಊರಿನಲ್ಲಿ. ಇನ್ನು ಕೆಲವರು ಇಲ್ಲೇ ಸಂಸಾರ ಮಾಡಿಕೊಂಡವರು. ಇಬ್ಬರ ಕಷ್ಟ ಬೇರೆ ಬೇರೆ. ಮೊದಲು ಕ್ಯಾಂಪ್‌ನವರಿಗೆ ಹೇಳ್ತೇನೆ.

ಎರಡೂವರೆ ಗಂಟೆಯ ಲೆಕ್ಕ

ನಮ್ಮ ಊರಿನ ಗಡಿಯಾರ ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ರಾಸ್ ಲಫ್ಫಾನ್‌ನಿಂದ ಬಸ್ಸು ಬಂದು, ನೀವು ಕೈಕಾಲು ತೊಳೆದು ಫೋನ್ ಹಿಡಿಯುವಾಗ ಇಲ್ಲಿ ಆರೂವರೆ ಅಂದುಕೊಳ್ಳಿ. ಊರಿನಲ್ಲಿ ಆಗ ಒಂಬತ್ತು. ಮಗು ಮಲಗಿರುತ್ತದೆ, ಇಲ್ಲವೇ ನಿದ್ದೆಗಣ್ಣಲ್ಲಿ ರಚ್ಚೆ ಹಿಡಿದಿರುತ್ತದೆ. ಬಸುರಿ ಹೆಂಡತಿ ಬೆಳಗಿನಿಂದ ದುಡಿದು ಸುಸ್ತಾಗಿರುತ್ತಾಳೆ. ಆ ಹೊತ್ತಿನಲ್ಲಿ "ಮಗು ಯಾಕೆ ನನ್ನ ಹತ್ತಿರ ಮಾತಾಡೋದಿಲ್ಲ? ಅಪ್ಪ ಅನ್ನೋದು ಕಲಿಸಿಲ್ವಾ?" ಅಂತ ಕೇಳಿದರೆ ಜಗಳ ಆಗದೇ ಇನ್ನೇನು ಆದೀತು?

ಬೆಳಿಗ್ಗೆ ಮಾಡಿ ನೋಡಿ. ನೀವು ನಾಲ್ಕೂವರೆಗೆ ಏಳುವಾಗ ಊರಿನಲ್ಲಿ ಏಳು ಗಂಟೆ. ಮಗು ಆಗ ತಾನೇ ಎದ್ದು ಹಾಲು ಕುಡಿಯುವ ಹೊತ್ತು. ಐದೇ ನಿಮಿಷ ಸಾಕು. ಫೋನನ್ನು ಗೋಡೆಗೆ ಒರಗಿಸಿ ಇಡಲು ಹೇಳಿ. ಮಗು ತಿಂಡಿ ತಿನ್ನಲಿ, ನೀವು ಚಹಾ ಕುಡಿಯಿರಿ. "ನಾನು ಯಾರು ಹೇಳು, ಹೇಳು" ಅಂತ ಪರೀಕ್ಷೆ ಮಾಡಬೇಡಿ. ಎರಡು ವರ್ಷದ ಮಗುವಿಗೆ ಫೋನಿನಲ್ಲಿ ಮಾತಾಡೋದು ಬರೋದಿಲ್ಲ. ಅದಕ್ಕೆ ನಿಮ್ಮ ಮುಖ, ನಿಮ್ಮ ದನಿ ದಿನಾ ಒಂದೇ ಹೊತ್ತಿಗೆ ಸಿಕ್ಕರೆ ಸಾಕು. ಒಂದೇ ಆಟ, ದಿನಾ ಅದೇ. ಬೆರಳು ಎಣಿಸೋದೋ, ಕಾಗೆ ಕೂಗೋದೋ ಏನೋ ಒಂದು. ನಮಗೆ ಬೇಸರ ಬರಬಹುದು, ಮಕ್ಕಳಿಗೆ ಬರೋದಿಲ್ಲ.

ಹೆಂಡತಿಯ ಜೊತೆಗಿನ ಮಾತು ಬೇರೆ ಇಡಿ. ಎಲ್ಲರೂ ಕೇಳೋದು "ಊಟ ಆಯ್ತಾ?" ಅಂತ. ಕೇಳಿ, ತಪ್ಪಿಲ್ಲ. ಅದರ ಜೊತೆ ಇನ್ನು ಮೂರು ಕೇಳಿ. ಕಬ್ಬಿಣದ ಮಾತ್ರೆ ತಗೊಂಡ್ಯಾ? ಹೊಟ್ಟೆಯಲ್ಲಿ ಮಗು ಎಂದಿನ ಹಾಗೆ ಆಡ್ತಾ ಇದೆಯಾ? ಇವತ್ತು ನೀರಿನ ಕೊಡ ಯಾರು ಎತ್ತಿದ್ರು, ಮಗುವನ್ನು ಯಾರು ನೋಡ್ಕೊಂಡ್ರು? ಕೊನೆಯ ಪ್ರಶ್ನೆಗೆ ದಿನಾ "ನಾನೇ" ಅಂತ ಉತ್ತರ ಬಂದರೆ ಅಮ್ಮನಿಗೋ ಅಣ್ಣನಿಗೋ ಫೋನ್ ಮಾಡಿ ವ್ಯವಸ್ಥೆ ಮಾಡೋದು ನಿಮ್ಮ ಕೆಲಸ. ಅವಳು ಅತ್ತೆಯ ಮನೆಯಲ್ಲಿ ಇದ್ದುಕೊಂಡು ಅದನ್ನು ಬಾಯಿಬಿಟ್ಟು ಕೇಳೋದು ಕಷ್ಟ. ನೀವು ಕೇಳಿದರೆ ಸುಲಭ.

ರಜೆ ಯಾವಾಗ?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಹೆರಿಗೆಗೆ ಮೊದಲು ಹೋಗಲೋ, ಆದ ಮೇಲೆ ಹೋಗಲೋ?

ಕತಾರಿನ 2004ರ 14ನೇ ಕಾರ್ಮಿಕ ಕಾನೂನಿನ ಪ್ರಕಾರ ವರ್ಷ ಪೂರೈಸಿದವರಿಗೆ ಸಂಬಳ ಸಹಿತ ವಾರ್ಷಿಕ ರಜೆ ಇದೆ. ಐದು ವರ್ಷದೊಳಗಿನ ಸರ್ವೀಸ್ ಆದರೆ ಕನಿಷ್ಠ 3 ವಾರ, ಐದು ವರ್ಷ ದಾಟಿದ್ದರೆ ಕನಿಷ್ಠ 4 ವಾರ. ಯಾವಾಗ ಹೋಗಬೇಕು ಅನ್ನೋದನ್ನು ಕೆಲಸದ ಅಗತ್ಯ ನೋಡಿ ಕಂಪನಿ ನಿಗದಿ ಮಾಡುತ್ತದೆ. ಅದಕ್ಕೇ ನಾಲ್ಕೈದು ತಿಂಗಳು ಮೊದಲೇ, ಡಾಕ್ಟರು ಕೊಟ್ಟ ಹೆರಿಗೆ ತಾರೀಖು ಬರೆದು, ಲಿಖಿತವಾಗಿ ಅರ್ಜಿ ಕೊಡಿ. ಫೋರ್‌ಮನ್‌ಗೆ ಬಾಯಲ್ಲಿ ಹೇಳಿದ್ದು ಅರ್ಜಿ ಅಲ್ಲ. ಮೊಬೈಲಿನಲ್ಲಿ ಅದರ ಫೋಟೋ ಇಟ್ಟುಕೊಳ್ಳಿ.

ಈಗ ಲೆಕ್ಕ ನೋಡಿ. ಡಾಕ್ಟರು ಹೇಳಿದ ತಾರೀಖಿಗೇ ಹುಟ್ಟುವ ಮಕ್ಕಳು ಬಹಳ ಕಡಿಮೆ. ಎರಡು ವಾರ ಹಿಂದೆ ಮುಂದೆ ಆಗೋದು ಸಹಜ. ಮೂರೇ ವಾರದ ರಜೆಯವರು ಹೆರಿಗೆ ತಾರೀಖಿಗೆ ಎರಡು ವಾರ ಮೊದಲೇ ಹೋದರೆ, ಕೂಸಿನ ಮುಖ ನೋಡದೇ ವಾಪಸ್ ವಿಮಾನ ಹತ್ತಬೇಕಾಗಬಹುದು. ಇನ್ನೊಂದು ಮಾತು. ನೋವಿನ ರಾತ್ರಿ ಆಸ್ಪತ್ರೆಗೆ ಕರ್ಕೊಂಡು ಹೋಗಲು ಊರಿನಲ್ಲಿ ಯಾರಾದರೂ ಸಿಗುತ್ತಾರೆ. ಆಮೇಲೆ ತಾಯಿ ಬಾಣಂತಿ ಕೋಣೆಯಲ್ಲಿ, ಹೊಸ ಕೂಸು ಅವಳ ಮಡಿಲಲ್ಲಿ, ದೊಡ್ಡದು ಬಾಗಿಲ ಹೊರಗೆ ನಿಂತು ಅಳ್ತಾ ಇರುತ್ತದಲ್ಲ, ಆ ದಿನಗಳಲ್ಲಿ ಅಪ್ಪ ಬೇಕು. ಆದ್ದರಿಂದ ಊರಿನಲ್ಲಿ ಜನ ಇದ್ದರೆ, ತಾರೀಖಿನ ಆಸುಪಾಸಿನಲ್ಲಿ ಹೊರಟು ಹೆಚ್ಚು ದಿನ ಹೆರಿಗೆಯ ನಂತರಕ್ಕೆ ಉಳಿಸಿಕೊಳ್ಳೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಆದರೆ ಇದು ನಾನು ತೀರ್ಮಾನ ಮಾಡುವ ಮಾತಲ್ಲ, ನೀವು ಒಬ್ಬರೇ ಮಾಡುವ ಮಾತೂ ಅಲ್ಲ. ಅವಳನ್ನು ಕೇಳಿ: "ನಿನಗೆ ಯಾವುದಕ್ಕೆ ಹೆದರಿಕೆ, ಹೆರಿಗೆಯ ದಿನಕ್ಕೋ, ಆಮೇಲಿನ ದಿನಕ್ಕೋ?" ಮೊದಲ ಹೆರಿಗೆ ಕಷ್ಟ ಆಗಿದ್ದರೆ, ಸಿಸೇರಿಯನ್ ಆಗಿದ್ದರೆ ಉತ್ತರ ಬೇರೆ ಇರಬಹುದು.

ಊರಿಗೆ ಹೋದಾಗ ಒಂದು ಎಚ್ಚರ. ವರ್ಷದಿಂದ ಫೋನಿನಲ್ಲಷ್ಟೇ ಕಂಡ ಅಪ್ಪ ಎದುರಿಗೆ ಬಂದು ನಿಂತರೆ ಮಗು ಹೆದರುತ್ತದೆ. ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ. ನೆಂಟರೆಲ್ಲ ನಗ್ತಾರೆ, ನಿಮಗೆ ಎದೆ ಚುರ್ ಅನ್ನುತ್ತದೆ. ಎಳೆದು ಎತ್ತಿಕೊಳ್ಳಬೇಡಿ. ನೆಲದ ಮೇಲೆ ಕೂತುಬಿಡಿ. ಅದೇ ಫೋನಿನ ಆಟ ಆಡಿ. ದನಿ ಗುರುತು ಸಿಗುತ್ತದೆ. ಎರಡು ಮೂರು ದಿನ ಬಿಟ್ಟರೆ ನಿಮ್ಮ ಹೆಗಲು ಬಿಟ್ಟು ಇಳಿಯೋದಿಲ್ಲ.

ಊರಿನಲ್ಲಿ ಸಿಗುವುದನ್ನು ಬಿಡಬೇಡಿ

ಕರ್ನಾಟಕದಲ್ಲಿ ಇರುವ ಬಸುರಿಗೆ ತಾಯಿ ಕಾರ್ಡ್ ಬೇಕು. ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಇದೆ. "ಗಂಡ ಗಲ್ಫ್‌ನಲ್ಲಿ ಇರುವಾಗ ಅಂಗನವಾಡಿಗೆ ಹೋಗೋದಾ?" ಅಂತ ನಾಚಿಕೆ ಬೇಡ. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ. ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ದುಡ್ಡು ನೇರ ತಾಯಿಯ ಖಾತೆಗೇ ಬರುತ್ತದೆ. ಹಾಗಾಗಿ ಅವಳ ಹೆಸರಿನಲ್ಲಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇರಲೇಬೇಕು.

ನೀವು ಕಳಿಸುವ ದುಡ್ಡಿನ ಮಾತೂ ಅದೇ. ಮನೆ ಖರ್ಚು ಅಪ್ಪನ ಖಾತೆಗೆ ಹೋಗಲಿ, ಅಣ್ಣನ ಖಾತೆಗೆ ಹೋಗಲಿ, ನಿಮ್ಮ ಮನೆಯ ರೀತಿ. ಹೆರಿಗೆಗೆ ಅಂತ ಒಂದಿಷ್ಟು ಮಾತ್ರ ಅವಳ ಖಾತೆಯಲ್ಲೇ ಇರಲಿ. ನಡುರಾತ್ರಿ ಆಟೋದವನಿಗೆ, ಔಷಧಿಗೆ ಕೊಡಲು ಅವಳು ಯಾರ ಮುಖವನ್ನೂ ನೋಡುವಂತಾಗಬಾರದು. ಆಂಬುಲೆನ್ಸ್‌ಗೆ 108. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಅಪ್ಪನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ, ಒಂದಕ್ಷರ ಹೆಚ್ಚುಕಡಿಮೆ ಆಗದಂತೆ ಬರೆಸಿ. ಮುಂದೆ ಮಗುವಿನ ಪಾಸ್‌ಪೋರ್ಟ್ ಮಾಡಿಸುವಾಗ ಈ ಒಂದಕ್ಷರಕ್ಕೇ ತಿಂಗಳುಗಟ್ಟಲೆ ಅಲೆಯುವವರು ಇದ್ದಾರೆ.

ಇಲ್ಲೇ ಸಂಸಾರ ಇರುವವರಿಗೆ

ಬಸುರು ಅಂತ ಗೊತ್ತಾದ ಕೂಡಲೇ ಮೂರು ಕಾಗದ ಒಂದು ಕವರಿನಲ್ಲಿ ಹಾಕಿಡಿ. ಇಬ್ಬರ ಕತಾರ್ ಐಡಿ, ಹೆಂಡತಿಯ ಹೆಲ್ತ್ ಕಾರ್ಡ್, ಮದುವೆ ಪತ್ರ. ಫ್ಯಾಮಿಲಿ ವೀಸಾಕ್ಕೆ ಮುದ್ರೆ ಹಾಕಿಸಿ ತಂದ ಮದುವೆ ಪತ್ರ ಇದೆಯಲ್ಲ, ಅದೇ. ಈ ದೇಶದಲ್ಲಿ ಬಸುರಿಯ ದಾಖಲಾತಿಗೂ, ಮಗುವಿನ ಜನನ ಪತ್ರಕ್ಕೂ ಅದನ್ನು ಕೇಳುತ್ತಾರೆ. ಊರಿನ ಬೀರುವಿನಲ್ಲಿ ಇದ್ದರೆ ಈಗಲೇ ತರಿಸಿ. ಹೆಲ್ತ್ ಕಾರ್ಡ್ ಅವಧಿ ಮುಗಿದಿದೆಯಾ ಇವತ್ತೇ ನೋಡಿ.

ಮೊದಲು ಹೋಗಬೇಕಾದ್ದು ನಿಮ್ಮ ಹೆಸರು ಇರುವ ಹೆಲ್ತ್ ಸೆಂಟರ್‌ಗೆ. ಅಲ್ಲಿಂದ ಆಸ್ಪತ್ರೆಗೆ ಕಳಿಸುತ್ತಾರೆ. ಹೆರಿಗೆಗೆ ದೋಹಾಕ್ಕೇ ಓಡಬೇಕಾಗಿಲ್ಲ. 2005ರಲ್ಲಿ ತೆರೆದ ಅಲ್ ಖೋರ್ ಆಸ್ಪತ್ರೆ ಹಮದ್ ಮೆಡಿಕಲ್ ಕಾರ್ಪೊರೇಷನ್ನಿನದು. ಹೆರಿಗೆ ವಿಭಾಗ ಅಲ್ಲೇ ಇದೆ. ದೋಹಾ ಇಲ್ಲಿಂದ ಸುಮಾರು 50 ಕಿಲೋಮೀಟರ್. ತೊಂದರೆ ಇರುವ ಬಸುರಾದರೆ ಡಾಕ್ಟರೇ ಅಲ್ಲಿಗೆ ಬರೆದುಕೊಡುತ್ತಾರೆ. ಹೆಂಡತಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿ ಇಲ್ಲೇ ಹೆರಿಗೆ ಮಾಡಿಸೋಣ ಅನ್ನುವ ಯೋಚನೆ ಇದ್ದರೆ ಬಿಡಿ. ವಿಸಿಟ್‌ನವರಿಗೆ ಹೆಲ್ತ್ ಕಾರ್ಡ್ ಇಲ್ಲ, ಆಸ್ಪತ್ರೆಯ ಬಿಲ್ಲು ನಮ್ಮಂಥವರಿಗೆ ತಡೆಯೋದಿಲ್ಲ.

ತುರ್ತಿಗೆ 999. ಇದು ಎಲ್ಲರಿಗೂ ಗೊತ್ತು. ಆದರೆ ವಿಳಾಸ ಕೇಳಿದಾಗ "ಸೂಪರ್‌ಮಾರ್ಕೆಟ್ ಹಿಂದೆ" ಅಂತೇವೆ. ನಿಮ್ಮ ಬಿಲ್ಡಿಂಗ್ ಗೋಡೆಯ ಮೇಲೆ ನೀಲಿ ಫಲಕ ಇದೆ. ಅದರಲ್ಲಿ ಜೋನ್, ಸ್ಟ್ರೀಟ್, ಬಿಲ್ಡಿಂಗ್ ಅಂತ ಮೂರು ನಂಬರ್. ಅದನ್ನು ದೊಡ್ಡದಾಗಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ನೀವು ಡ್ಯೂಟಿಯಲ್ಲಿ ಇರುವಾಗ ಅವಳು ಒಬ್ಬಳೇ ಫೋನ್ ಮಾಡಬೇಕಾದೀತು.

ಊರಿನಲ್ಲಿರಲಿ ಇಲ್ಲಿರಲಿ, ನಾಳೆಗೆ ಅಂತ ಕಾಯಬಾರದ ಚಿಹ್ನೆಗಳು ಇವು, ಬರೆದುಕೊಳ್ಳಿ: ರಕ್ತ ಹೋಗುವುದು, ನೀರು ಒಡೆಯುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ, ಕೈ ಇದ್ದಕ್ಕಿದ್ದಂತೆ ಊದುವುದು, ಜೋರು ಹೊಟ್ಟೆನೋವು, ಜ್ವರ, ಫಿಟ್ಸ್, ಹೊಟ್ಟೆಯ ಮಗುವಿನ ಆಟ ಎಂದಿಗಿಂತ ಕಡಿಮೆ ಆಗುವುದು. ಕಡೆಯದನ್ನು "ಮಗು ಮಲಗಿರಬೇಕು" ಅಂತ ಬಿಟ್ಟುಬಿಡ್ತಾರೆ. ಬಿಡಬೇಡಿ, ಅದೇ ದಿನ ಹೋಗಿ.

ಇಲ್ಲಿಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲು ಕೆಲಸವನ್ನು ಸರ್ಕಾರವೇ ನಿಲ್ಲಿಸಿದೆ. ಗಟ್ಟಿ ಗಂಡಸರಿಗೇ ಆಗದ ಬಿಸಿಲಿಗೆ ಬಸುರಿಯನ್ನೂ ಕೂಸನ್ನೂ ಹೊರಗೆ ಕಳಿಸಬೇಡಿ. ಮಗುವಿಗೆ ಓಡಾಟ ಬೇಕೇ ಬೇಕು. ಹೊತ್ತು ಮುಳುಗಿದ ಮೇಲೆ ಕಾರ್ನಿಶ್‌ಗೆ ನೀವು ಕರ್ಕೊಂಡು ಹೋಗಿ, ಅವಳು ಒಂದು ಗಂಟೆ ಕಾಲು ಚಾಚಿ ಮಲಗಲಿ. ಎರಡು ನಿಮಿಷದ ಕೆಲಸ ಅಂತ ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯಬೇಡಿ. ಹತ್ತು ವರ್ಷದೊಳಗಿನ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸುವುದೂ ಇಲ್ಲಿ ಕಾನೂನಿಗೆ ವಿರುದ್ಧ.

ನೋವು ಬಂದ ರಾತ್ರಿ ದೊಡ್ಡದು ಯಾರ ಹತ್ತಿರ?

ಇಲ್ಲಿ ಸಂಸಾರ ಇರುವವರಿಗೆ ಇದೇ ದೊಡ್ಡ ಪ್ರಶ್ನೆ. ಹೆರಿಗೆ ಕೋಣೆಗೆ ಮಗುವನ್ನು ಕರ್ಕೊಂಡು ಹೋಗೋಕೆ ಆಗೋದಿಲ್ಲ. ಗಂಡ ಮಗು ಹಿಡಿದು ಹೊರಗೆ ಕೂತರೆ ಒಳಗೆ ಅವಳು ಒಬ್ಬಳೇ.

ಎಂಟನೇ ತಿಂಗಳಿಗೆ ಮುಂಚೆ ಎರಡು ಮನೆ ಗೊತ್ತುಮಾಡಿಕೊಳ್ಳಿ. ಒಂದಲ್ಲ, ಎರಡು. ಒಬ್ಬರು ಊರಿಗೆ ಹೋಗಿರಬಹುದು, ನೈಟ್ ಡ್ಯೂಟಿಯಲ್ಲಿ ಇರಬಹುದು. ಕನ್ನಡದವರೇ ಆಗಬೇಕಂತ ಇಲ್ಲ. ಪಕ್ಕದ ಫ್ಲಾಟಿನ ಮಲಯಾಳಿ ಚೇಚಿ, ಫಿಲಿಪ್ಪೀನ್ಸ್ ಅಕ್ಕ ಯಾರಾದರೂ ಸರಿ, ಮಗುವಿಗೆ ಮುಖಪರಿಚಯ ಇರಬೇಕು. ಈಗಿನಿಂದಲೇ ವಾರಕ್ಕೊಮ್ಮೆ ಒಂದೆರಡು ಗಂಟೆ ಅಲ್ಲಿ ಬಿಟ್ಟು ಅಭ್ಯಾಸ ಮಾಡಿಸಿ. ಒಂದು ಮಧ್ಯಾಹ್ನದ ನಿದ್ದೆಯೂ ಅಲ್ಲೇ ಆಗಲಿ. ಒಂದು ಚೀಟಿ ಬರೆದು ಕೊಡಿ: ಏನು ತಿನ್ನುತ್ತದೆ, ಏನು ಆಗೋದಿಲ್ಲ, ನಿದ್ದೆಗೆ ಯಾವ ಹೊದಿಕೆ ಬೇಕು, "ಮಮ್ಮು" ಅಂದರೆ ಅನ್ನವೋ ನೀರೋ. ನಗಬೇಡಿ, ಕನ್ನಡ ಬಾರದವರಿಗೆ ಅದೇ ಗೊತ್ತಾಗೋದಿಲ್ಲ. ನಾಳೆ ಅವರ ಕಷ್ಟಕ್ಕೆ ನೀವೂ ಹೀಗೆಯೇ ನಿಲ್ಲಬೇಕು.

ಅಮ್ಮನನ್ನೋ ಅತ್ತೆಯನ್ನೋ ಬಾಣಂತನಕ್ಕೆ ಕರೆಸುವವರು ದಿನದ ಲೆಕ್ಕ ಸರಿಯಾಗಿ ಹಾಕಿ. ತುಂಬಾ ಬೇಗ ಕರೆಸಿದರೆ ಕೂಸು ಬರುವಷ್ಟರಲ್ಲಿ ಅವರ ವೀಸಾ ಮುಗಿಯುವ ಹೊತ್ತಾಗುತ್ತದೆ. 2023ರ ಫೆಬ್ರವರಿಯಿಂದ ಬರುವವರಿಗೆಲ್ಲ ಆರೋಗ್ಯ ವಿಮೆಯೂ ಕಡ್ಡಾಯ. ಹೆಂಡತಿಯನ್ನೇ ತವರಿಗೆ ಕಳಿಸುವುದಾದರೆ ಏಳನೇ ತಿಂಗಳ ಸೀಮಂತಕ್ಕೇ ಹೊರಡಲಿ. ಸಾಮಾನ್ಯವಾಗಿ 28 ವಾರ ದಾಟಿದರೆ ವಿಮಾನದವರು ಡಾಕ್ಟರ ಪತ್ರ ಕೇಳುತ್ತಾರೆ, 36 ವಾರ ದಾಟಿದರೆ ಹತ್ತಿಸಿಕೊಳ್ಳುವುದಿಲ್ಲ. ಟಿಕೆಟ್ ತೆಗೆಯುವ ಮುಂಚೆ ಆ ಕಂಪನಿಯ ನಿಯಮ ಕೇಳಿ. ದೊಡ್ಡ ಮಗುವಿನ ಲಸಿಕೆ ಕಾರ್ಡ್ ಕೈಚೀಲದಲ್ಲಿ ಇರಲಿ. ಊರಿನಲ್ಲಿ ಕೂಸಿಗೆ 6, 10, 14 ವಾರಕ್ಕೆ ಚುಚ್ಚುತ್ತಾರೆ. ಇಲ್ಲಿ 2, 4, 6 ತಿಂಗಳಿಗೆ. ಕಾರ್ಡ್ ಇಲ್ಲದಿದ್ದರೆ ಯಾವುದು ಆಗಿದೆ, ಯಾವುದು ಬಾಕಿ ಅಂತ ಯಾರಿಗೂ ತಿಳಿಯೋದಿಲ್ಲ.

ಪೆಟ್ಟಿಗೆಯಲ್ಲಿ ಏನು ಬರುತ್ತಿದೆ, ನೋಡಿ

ಬಾಣಂತಿಗೆ ಅಂತ ಅಜ್ಜಿ ಪ್ರೀತಿಯಿಂದ ಡಬ್ಬಿ ಡಬ್ಬಿ ಕಟ್ಟುತ್ತಾರೆ. ಅದರಲ್ಲಿ ಗಸಗಸೆ ಇದ್ದರೆ ತೆಗೆಸಿಬಿಡಿ. ನಮಗೆ ಅದು ಪಾಯಸದ ಸಾಮಾನು. ಕೊಲ್ಲಿ ದೇಶಗಳಲ್ಲಿ ಅದನ್ನು ಮಾದಕ ವಸ್ತುವಿನ ಸಾಲಿನಲ್ಲಿ ನೋಡುತ್ತಾರೆ. ಕೆಮ್ಮು, ನೋವಿನ ಕೆಲವು ಮಾತ್ರೆಗಳೂ ಹಾಗೆಯೇ. ಡಾಕ್ಟರ ಚೀಟಿ ಇಲ್ಲದೆ ತರಬೇಡಿ.

ಬೇರೆಯವರ ಗಂಟು ಯಾವ ಕಾರಣಕ್ಕೂ ಹೊರಬೇಡಿ. 2019ರಲ್ಲಿ ಮುಂಬೈಯಿಂದ ಬಂದ ಒಬ್ಬ ಬಸುರಿ ಮತ್ತು ಅವಳ ಗಂಡ ದೋಹಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಸಂಬಂಧಿಕರೊಬ್ಬರು ಕೊಟ್ಟ ಪೊಟ್ಟಣದಲ್ಲಿ ಕಿಲೋಗಟ್ಟಲೆ ಹಶೀಶ್ ಇತ್ತು. ಹತ್ತು ವರ್ಷದ ಶಿಕ್ಷೆ ಆಯಿತು. ಮಗು ಹುಟ್ಟಿದ್ದು ಜೈಲಿನಲ್ಲಿ. ಅವರಿಗೆ ಗೊತ್ತಿರಲಿಲ್ಲ ಅಂತ ಕೋರ್ಟು ಒಪ್ಪಿ, ಅವರು ಕೂಸಿನೊಂದಿಗೆ ಊರು ಸೇರಿದ್ದು 2021ರಲ್ಲಿ. ಕೊಟ್ಟವರು ಪರಕೀಯರಲ್ಲ, ನೆಂಟರೇ. ಇದನ್ನು ಊರಿನಲ್ಲಿರುವ ನಿಮ್ಮ ಹೆಂಡತಿಗೂ ಹೇಳಿ. "ನಿಮ್ಮ ಗಂಡನಿಗೆ ಒಂದು ಸಣ್ಣ ಪಾರ್ಸೆಲ್" ಅಂತ ಅವಳ ಕೈಗೇ ಕೊಡುತ್ತಾರೆ.

ದೊಡ್ಡದಕ್ಕೂ ಒಂದು ಮನಸ್ಸಿದೆ

ಎರಡು ವರ್ಷದ ಮಗುವಿಗೆ "ಇನ್ನು ಐದು ತಿಂಗಳಿಗೆ ತಮ್ಮ ಬರ್ತಾನೆ" ಅಂದರೆ ಏನೂ ತಿಳಿಯೋದಿಲ್ಲ. ಹೊಟ್ಟೆ ಕಾಣುವಷ್ಟು ಆದ ಮೇಲೆ ಹೇಳಿ. ಹಬ್ಬದ ಲೆಕ್ಕದಲ್ಲಿ ಹೇಳಿ: ರಂಜಾನ್ ಆದ ಮೇಲೆ, ದೀಪಾವಳಿ ಆದ ಮೇಲೆ. ತಮ್ಮನೇ ಬರುತ್ತಾನೆ ಅಂತ ಮಾತು ಕೊಡಬೇಡಿ. ಪಾಪು ಬರುತ್ತದೆ ಅನ್ನಿ.

ಹಾಸಿಗೆ ಬದಲಿಸುವುದಿದ್ದರೆ ಎರಡು ತಿಂಗಳು ಮೊದಲೇ ಬದಲಿಸಿ. ಕೂಸು ಬಂದ ದಿನ ದೊಡ್ಡದನ್ನು ಅಮ್ಮನ ಪಕ್ಕದಿಂದ ಎಬ್ಬಿಸಿದರೆ ಅದರ ಕಣ್ಣಿಗೆ ಕೂಸೇ ಕಳ್ಳ. ಚಡ್ಡಿಯಲ್ಲಿ ಉಚ್ಚೆ ಮಾಡುವುದು ಬಿಟ್ಟ ಮಗು ಮತ್ತೆ ಶುರುಮಾಡಬಹುದು, ಬಾಟಲಿ ಕೇಳಬಹುದು. ಬೈಯಬೇಡಿ, ಕೆಲವು ವಾರಕ್ಕೆ ಸರಿಹೋಗುತ್ತದೆ. ಬಸುರಿ ಅಮ್ಮ ಎತ್ತಿಕೊಳ್ಳಲಿ ಅಂತ ಹಟ ಹಿಡಿದರೆ, ಅವಳು ಕೂರಲಿ, ಮಗು ತಾನೇ ಹತ್ತಿ ಬರಲಿ. ಕೂಸು ನೋಡಲು ಬರುವವರು ದೊಡ್ಡದನ್ನು ಮೊದಲು ಮಾತಾಡಿಸಲಿ ಅಂತ ಬಾಗಿಲಲ್ಲೇ ಹೇಳಿಬಿಡಿ.

ಹೆರಿಗೆ ಆದ ಮೇಲೆ

ಮೊದಲ ಹಾಲು ಹಿಂಡಿ ಚೆಲ್ಲಬೇಡಿ, ಕೂಸಿಗೆ ಅದೇ ಕೊಡಿ. ಆರು ತಿಂಗಳು ತಾಯಿಯ ಹಾಲು ಮಾತ್ರ. ಜೇನು, ಸಕ್ಕರೆ ನೀರು ಬೇಡ. ಊರಿನ ಹಾಗೆ ಸಾಂಬ್ರಾಣಿ ಹೊಗೆ ಹಾಕುವವರು ನೆನಪಿಡಿ, ಇಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆ. ಆ ಹೊಗೆ ಕೂಸಿನ ಎದೆಗೇ ಹೋಗುತ್ತದೆ.

ಇಲ್ಲಿ ಹುಟ್ಟಿದ ಮಗುವಿಗೆ ಕಾಗದ ಸಾಲಾಗಿ ಆಗಬೇಕು. ಮೊದಲು ಕತಾರಿನ ಜನನ ಪತ್ರ, ಆಮೇಲೆ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮತ್ತು ಪಾಸ್‌ಪೋರ್ಟ್, ಕಡೆಗೆ ಇಲ್ಲಿಯ ರೆಸಿಡೆನ್ಸಿ. ಒಂದು ತಡವಾದರೆ ಎಲ್ಲ ತಡ, ರೆಸಿಡೆನ್ಸಿ ತಡವಾದರೆ ದಂಡ. ಭಾರತದ ಪೌರತ್ವ ಕಾನೂನಿನ ಪ್ರಕಾರ ವಿದೇಶದಲ್ಲಿ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ರಾಯಭಾರ ಕಚೇರಿಯವರು ಅಲ್ ಖೋರ್ ಕಡೆಗೂ ಆಗಾಗ ಕಾನ್ಸುಲರ್ ಕ್ಯಾಂಪ್ ಇಡುತ್ತಾರೆ. ಆ ದಿನ ವಿಚಾರಿಸಿದರೆ ದೋಹಾಕ್ಕೆ ಹೋಗುವ ಡ್ಯೂಟಿ ರಜೆ ಉಳಿಯುತ್ತದೆ.

ಕೆಲಸಕ್ಕೆ ಹೋಗುವ ಅಕ್ಕಂದಿರೇ, ಇದು ನಿಮಗೆ. ಕಾರ್ಮಿಕ ಕಾನೂನಿನ 96ನೇ ವಿಧಿಯಂತೆ, ಒಂದು ವರ್ಷ ಸರ್ವೀಸ್ ಆಗಿದ್ದರೆ 50 ದಿನ ಪೂರ್ಣ ಸಂಬಳದ ಹೆರಿಗೆ ರಜೆ. ಅದರಲ್ಲಿ ಹೆರಿಗೆಯ ನಂತರ ಕನಿಷ್ಠ 35 ದಿನ. ಕೆಲಸಕ್ಕೆ ಮರಳಿದ ಮೇಲೆ ಒಂದು ವರ್ಷ ದಿನಕ್ಕೆ ಒಂದು ಗಂಟೆ ಹಾಲೂಡಿಸುವ ಬಿಡುವು, ಸಂಬಳ ಕಡಿತ ಇಲ್ಲ. ಹೆರಿಗೆ ರಜೆ ತಗೊಂಡಳು ಅಂತ ಕೆಲಸದಿಂದ ತೆಗೆಯುವಂತಿಲ್ಲ. ಮನೆಕೆಲಸದವರಿಗೆ 2017ರ ಬೇರೆ ಕಾನೂನು ಇದೆ. ಅವರು ನಮ್ಮ ಹತ್ತಿರ ಪ್ರತ್ಯೇಕವಾಗಿ ಬಂದು ಕೇಳಿ.

ಇನ್ನೊಂದು ಮಾತು, ಇದನ್ನು ಮೆಲ್ಲಗೆ ಹೇಳ್ತೇನೆ. ಬಾಣಂತಿ ಕಾರಣ ಇಲ್ಲದೆ ಅಳುವುದು ಮೊದಲ ಹತ್ತು ಹದಿನೈದು ದಿನ ಸಹಜ. ಅದು ದಾಟಿಯೂ ನಿದ್ದೆ ಬಾರದು, ಕೂಸನ್ನು ಎತ್ತಿಕೊಳ್ಳಲು ಮನಸ್ಸಿಲ್ಲ, ಬದುಕೇ ಬೇಡ ಅನ್ನುವ ಮಾತು ಬರುತ್ತದೆ ಅಂದರೆ ಅದು ಸೊಕ್ಕೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಚಿಕಿತ್ಸೆ ಇರುವ ಕಾಯಿಲೆ. ಊರಿನಲ್ಲಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಾದರೆ 16000. ಕ್ಯಾಂಪಿನ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಅಳುವ ಅಪ್ಪಂದಿರೂ ಇದ್ದೀರಿ, ನಮಗೆ ಗೊತ್ತು. ಆ ನಂಬರ್ ನಿಮಗೂ ಹೌದು.

ಇವತ್ತು ಎದ್ದು ಹೋಗುವ ಮುಂಚೆ ಎರಡೇ ಕೆಲಸ. ಇಲ್ಲಿ ಸಂಸಾರ ಇರುವವರು ಪಕ್ಕದಲ್ಲಿ ಕೂತವರ ಫೋನ್ ನಂಬರ್ ತಗೊಳ್ಳಿ; ಆ ಎರಡನೇ ಮನೆ ಇಲ್ಲೇ ಸಿಕ್ಕರೂ ಸಿಗಬಹುದು. ಕ್ಯಾಂಪಿನವರು ಹೆರಿಗೆ ತಾರೀಖು ಒಂದು ಚೀಟಿಯಲ್ಲಿ ಬರೆದು ಕೊಡಿ. ರಜೆ ಅರ್ಜಿ ಬರೆಯಲು ಹಿಂದಿನ ಮೇಜಿನಲ್ಲಿ ನಮ್ಮವರು ಕೂತಿದ್ದಾರೆ, ಇಂಗ್ಲಿಷ್ ಬರದಿದ್ದರೆ ಅವರೇ ಬರೆದುಕೊಡುತ್ತಾರೆ. ಚಹಾ ಆಗಿದೆ, ಕುಡಿದು ಸಾಲಾಗಿ ಬನ್ನಿ.